ಗಿಟಾರಿಗೆ ಚಪ್ಪಲಿ ಸೇವೆ

ಗೊರಗುಂಟೆಪಾಳ್ಯದ ಆ ಮನೆಯಲ್ಲಿ ಕಳೆದ ಭಾನುವಾರ ಅಜ್ಜಿಯ ಬಚ್ಚಲ ಚಪ್ಪಲಿ ಕಾಣೆಯಾಯಿತು. ಹುಡುಕಿದರೆ ಸಿಕ್ಕಿದ್ದು ಮೊಮ್ಮಗನ ಗಿಟಾರಿನಲ್ಲಿ. ಇಡೀ ಚಪ್ಪಲಿಯಲ್ಲ, ಎರಡು ಬಿಲ್ಲೆ.

ಹದಿಮೂರರ ಮೊಮ್ಮಗ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಿಂದ ಜುಲೈ ರಜೆಗೆ ಬಂದವನು. ಜೊತೆಗೆ ಹೊತ್ತು ತಂದ ಎಲೆಕ್ಟ್ರಿಕ್ ಗಿಟಾರು ನಾಲ್ಕು ಕಿಲೋದ ಹತ್ತಿರ ತೂಗುತ್ತದೆ. ಅಷ್ಟೂ ಭಾರ ನಿಲ್ಲುವುದು ಹೆಗಲ ಪಟ್ಟಿಯ ಎರಡು ತೂತು, ಗಿಟಾರಿನ ಎರಡು ಗುಂಡಿಯ ಮೇಲೆ. ತೂತು ಸಡಿಲವಾಯಿತೋ, ಗಿಟಾರು ನೆಲಕ್ಕೆ. ಶನಿವಾರ ಹುಡುಗ ನಡುಮನೆಯಲ್ಲಿ ಕುಣಿಯುತ್ತ ನುಡಿಸುವಾಗ ಹಾಗೇ ಆಯಿತು. ಮಳೆ ಬಂತೆಂದು ಒಳಗೆ ತಂದು ಸುರಿದಿದ್ದ ಬಟ್ಟೆ ರಾಶಿ ಗಿಟಾರಿನ ಮಾನ ಉಳಿಸಿತು.

ಜರ್ಮನಿಯ ಶಾಲರ್ ಕಂಪನಿಯ ಸ್ಟ್ರಾಪ್ ಲಾಕ್ ತರಿಸೋಣವೆಂದು ಮಗ ಫೋನ್ ತೆಗೆದ. ಬೆಲೆ ಕೇಳಿ ತಾತ ಕನ್ನಡಕ ತೆಗೆದಿಟ್ಟರು. ಮೆಟ್ರೊದಲ್ಲಿ ಮುಂದಿನ ನಿಲ್ದಾಣವೇ ಪೀಣ್ಯ. 2014ರಲ್ಲಿ ಆ ಮೆಟ್ರೊ ಬರುವ ಎಷ್ಟೋ ವರ್ಷ ಮೊದಲೇ ಸೈಕಲ್ ತುಳಿದು ಅಲ್ಲಿಗೆ ಹೋಗಿ, ಲೇತ್ ಮುಂದೆ ನಿಂತೇ ಕೂದಲು ನರೆಸಿಕೊಂಡವರ ಮನೆಗೆ ಜರ್ಮನಿಯಿಂದ ಗುಂಡಿ ಬರಬೇಕೆ?

ಮೊದಲು ನಲ್ಲಿ ವಾಷರ್. ಗುಂಡಿಯ ತಲೆ ದಾಟುವ ಮೊದಲೇ ಸೀಳಿತು. ಆಮೇಲೆ ಸೈಕಲ್ ಟ್ಯೂಬಿನ ಉಂಗುರ. ಹಾಕಿದಷ್ಟೇ ಸಲೀಸಾಗಿ ಕಳಚಿಕೊಂಡಿತು. ಕುಕ್ಕರಿನ ಗ್ಯಾಸ್ಕೆಟ್ ಮೇಲೂ ಕಣ್ಣು ಬಿತ್ತು, ಮಧ್ಯಾಹ್ನದ ಊಟ ನೆನಪಾಗಿ ಕೈಬಿಟ್ಟರು. ಆಗ ಕಂಡದ್ದೇ ಹವಾಯಿ ಚಪ್ಪಲಿ: ಮೆತ್ತನೆಯ ರಬ್ಬರು, ಮೇಲಾಗಿ ಕಂಪನಿಯವರೇ ಕೊರೆದುಕೊಟ್ಟ ತೂತು. ಹ್ಯಾಕ್ಸಾ ಬ್ಲೇಡಿನಲ್ಲಿ ತೂತಿನ ಸುತ್ತ ರೂಪಾಯಿಯಗಲ ಕೊಯ್ದು, ತೆಳ್ಳಗೆ ಸೀಳಿ, ಪಟ್ಟಿಯ ಮೇಲಿಂದ ಗುಂಡಿಗೆ ಒತ್ತಿದರು. ಹುಡುಗ ಜಗ್ಗಿ ನೋಡಿದ. ಜಗ್ಗಲಿಲ್ಲ. ಇಷ್ಟು ಒಳ್ಳೆಯ ಕೆಲಸ ಪೀಣ್ಯದಲ್ಲೂ ಆಗಿರಲಿಕ್ಕಿಲ್ಲ.

“ಏನ್ರೀ ಇದು! ಸರಸ್ವತಿಗೆ ಚಪ್ಪಲಿ ಕಟ್ತೀರಾ?”

“ತೊಳೆದೇ ಹಾಕಿದೀನಿ ಕಣೇ.”

“ರಘು ದೀಕ್ಷಿತ್ ಕಾಲಿಗೆ ಗೆಜ್ಜೆ ಕಟ್ಕೊಂಡು ಗಿಟಾರ್ ನುಡಿಸ್ತಾನೆ. ನೀವು ಕಾಲಲ್ಲಿರೋದನ್ನ ಕಿತ್ತು ಗಿಟಾರಿಗೇ ಕಟ್ತೀರಿ. ಅದೂ ಒಂದ್ ಚಪ್ಪಲಿಗೆ ಮೂರು ತೂತಿರುತ್ತೆ, ಎರಡೂ ಒಂದರಲ್ಲೇ ಕೊಯ್ಯಬಾರದಿತ್ತಾ? ಬಲಗಾಲಿಂದೊಂದು, ಎಡಗಾಲಿಂದೊಂದು!”

ಅಜ್ಜಿಯ ಸಿಟ್ಟಿನಲ್ಲಿ ಸರಸ್ವತಿಯ ಪಾಲೆಷ್ಟು, ಚಪ್ಪಲಿಯ ಪಾಲೆಷ್ಟು ಎಂಬುದು ಸೊಸೆಗೂ ಬಗೆಹರಿಯಲಿಲ್ಲ. ತಾತ ಮಾತ್ರ ಎರಡು ಕಾಲಿಗೂ ಸಮ ನ್ಯಾಯ ಮಾಡಿದ್ದೇನೆಂಬ ವಾದದಿಂದ ಕದಲಲಿಲ್ಲ.

ಜಗಳ ಬಿಡಿಸಲು ಬಾಯಿಬಿಟ್ಟವನು ಮೊಮ್ಮಗ. “ಅಜ್ಜಿ, ಚಪ್ಪಲಿ ಬೇಡವೇ ಬೇಡ. ನಮ್ಮನೇಲಿ ಇಂಥ ರಬ್ಬರ್ ಒಂದ್ ಡಬ್ಬಿ ತುಂಬ ಇದೆ. ರೆಡ್ ಕಲರ್. ಅಪ್ಪನ ಬಾಟಲಿಂದು.”

ಹುಡುಗ ಹೇಳಿದ್ದು ಸತ್ಯ. ಗ್ರೋಲ್ಶ್ ಎಂಬ ಡಚ್ ಬಿಯರ್ 1897ರಿಂದಲೂ ತಂತಿ ಒತ್ತಿ ತೆರೆಯುವ ಸೀಸೆಯಲ್ಲಿ ಬರುತ್ತಿದೆ. ಅದರ ಬಿರಡೆಯ ರಬ್ಬರ್ ಬಳೆ ಗಿಟಾರಿನ ಗುಂಡಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ. ಕಾಸಿಲ್ಲದ ವಾದಕರು ಎಷ್ಟೋ ದೇಶಗಳಲ್ಲಿ ಪಟ್ಟಿ ಭದ್ರಪಡಿಸಿಕೊಂಡದ್ದು ಇದರಿಂದಲೇ. ಈಗ ಗಿಟಾರ್ ಮಾಡುವ ಫೆಂಡರ್ ಕಂಪನಿಯೇ ಅಂಥ ರಬ್ಬರ್ ಬಿಲ್ಲೆ ಮಾರುತ್ತದೆ. ಆದರೆ ಈ ಇತಿಹಾಸವೆಲ್ಲ ಗೊರಗುಂಟೆಪಾಳ್ಯದ ಅಡುಗೆಮನೆ ಬಾಗಿಲಲ್ಲಿ ನಿಂತವನ ನೆರವಿಗೆ ಬರುವಂಥದ್ದಲ್ಲ.

“ಏನ್ ಬಾಟ್ಲಿನೋ?” ಅಜ್ಜಿ ಮಗನತ್ತ ತಿರುಗಿದರು.

“ಜ್ಯೂಸಮ್ಮ,” ಎಂದ ನಲವತ್ತೈದರ ಮಗ.

“ಡಬ್ಬಿ ತುಂಬ?”

ಸೊಸೆ ಒಗ್ಗರಣೆಗೆ ಸಾಸಿವೆ ಹುಡುಕುವವಳಂತೆ ಒಳಗೆ ಹೋದಳು. ತಾತ ಗಿಟಾರಿನ ಗುಂಡಿಯನ್ನು ಇನ್ನಷ್ಟು ಹತ್ತಿರದಿಂದ ಪರೀಕ್ಷಿಸತೊಡಗಿದರು.

ಸಂಜೆ ಮಗ ಮಾತಿಲ್ಲದೆ ಹೋಗಿ ಹೊಸ ಚಪ್ಪಲಿ ತಂದ. ಎರಡು ಜೊತೆ. ಅಜ್ಜಿ ದೀಪ ಹಚ್ಚುವಾಗ, ಚಪ್ಪಲಿ ಬಿಲ್ಲೆಗೆ ತಾಗದಂತೆ ನೋಡಿಕೊಂಡು, ಗಿಟಾರಿಗೂ ಒಂದು ಬೊಟ್ಟು ಕುಂಕುಮವಿಟ್ಟರು. ಆಮೇಲೆ ಮೊಮ್ಮಗನ ಕಿವಿಯ ಹತ್ತಿರ ಬಗ್ಗಿದರು.

“ಆ ಕೆಂಪು ರಬ್ಬರು ಉಪ್ಪಿನಕಾಯಿ ಬಾಟ್ಲಿಗೆ ಹಿಡಿಯುತ್ತೇನೋ ನೋಡ್ಬೇಕು. ಮುಂದಿನ ಸಲ ನಾಲ್ಕು ತಾ ಪುಟ್ಟ. ಡಬ್ಬಿಲಿರೋದ್ರಲ್ಲೇ ತಾ. ಹೊಸದು ಬೇಡ ಅಂತ ಅಪ್ಪಂಗೆ ಹೇಳು.”