ಹಿಮ್ಮಡಿ ಮೇಷ್ಟ್ರು

ಚಾಮರಾಜನಗರದಲ್ಲಿ ಕುರ್ಚಿಯ ಮಾತು ಎತ್ತಿದರೆ ಜನ ನೇರವಾಗಿ ಮುಖ್ಯಮಂತ್ರಿಗಳ ಕಥೆಗೆ ಹೋಗುತ್ತಾರೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1997ರಲ್ಲಿ ಇದು ಜಿಲ್ಲೆಯಾದಾಗ ಉದ್ಘಾಟನೆ ಊರಲ್ಲಿ ಆಗದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಆಯಿತು. ಸಿದ್ದರಾಮಯ್ಯನವರು 2013ರ ನಂತರ ಹಲವು ಸಲ ಬಂದು, ಐದು ವರ್ಷ ಪೂರ್ತಿ ಕೂತು ಆ ನಂಬಿಕೆಯ ಬಾಯಿ ಮುಚ್ಚಿಸಿದರು. ಈಗ ಊರಲ್ಲಿ ಕುರ್ಚಿ ಹೋದೀತೆಂಬ ಭಯ ಉಳಿದಿರುವುದು ಹಿಮ್ಮಡಿ ಮೇಷ್ಟ್ರಿಗೆ ಮಾತ್ರ.

ಅವರ ನಿಜವಾದ ಹೆಸರು ನಮಗೆ ಬೇಡ. ಇಂಥವರು ಬೀದಿಗೊಬ್ಬರು ಸಿಗುತ್ತಾರೆ. ಕೆಲವರು ಬಸ್ ಕಂಡಕ್ಟರ್ ಆಗಿರುತ್ತಾರೆ, ಕೆಲವರು ಆಸ್ಪತ್ರೆಯಲ್ಲಿ ನರ್ಸ್, ಕೆಲವರು ಜವಳಿ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸುವವರು. ನಮ್ಮವರು ಹೈಸ್ಕೂಲು ಮೇಷ್ಟ್ರು, ಸಮಾಜ ವಿಜ್ಞಾನ. ವಯಸ್ಸು ಐವತ್ತರ ಆಚೀಚೆ. ಹಿಮ್ಮಡಿ ನೋವಿಗೆ ಅದು ಸರಿಯಾದ ವಯಸ್ಸು, ನಲವತ್ತರಿಂದ ಅರವತ್ತರೊಳಗಿನವರನ್ನು ಕಂಡರೆ ಇದಕ್ಕೆ ಬಲು ಪ್ರೀತಿ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನೊಳಗೆ ಒಂದು ದಪ್ಪ ಪಟ್ಟಿ ಇದೆ. ನಿಂತಾಗ ಪಾದದ ಕಮಾನು ಕುಸಿಯದಂತೆ ನೋಡಿಕೊಳ್ಳುವುದು ಅದೇ. ವರ್ಷಗಟ್ಟಲೆ ಬೋರ್ಡಿನ ಮುಂದೆ ನಿಂತವರಲ್ಲಿ ಆ ಪಟ್ಟಿ ಮೂಳೆಗೆ ಅಂಟಿದ ಜಾಗದಲ್ಲಿ ಸವೆದು ಮುನಿಸಿಕೊಳ್ಳುತ್ತದೆ. ಡಾಕ್ಟರು ಅದನ್ನು ಪ್ಲಾಂಟಾರ್ ಫ್ಯಾಸೈಟಿಸ್ ಎಂದರು. ಆಯುರ್ವೇದದ ಪಂಡಿತರು ವಾತಕಂಟಕ ಎಂದರು. ಎರಡೂ ಹೆಸರನ್ನು ಮೇಷ್ಟ್ರು ಹೆಸರಿನ ಮುಂದಿನ ಪದವಿಗಳಂತೆ ಬಳಸುತ್ತಾರೆ.

ಹತ್ತರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ನೋವು ಬರುತ್ತದೆಂದು ಓದಿದ ದಿನ ಅವರು ಲೆಕ್ಕ ಹಾಕಿದರು. 2011ರ ಜನಗಣತಿಯಲ್ಲಿ ಚಾಮರಾಜನಗರ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ. ಅಂದರೆ ಏಳು ಸಾವಿರ ಮಂದಿ. "ಏಳು ಸಾವಿರ ಜನಕ್ಕೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಬೆಂಚಿದೆ ಹೇಳಿ?" ಎಂದು ಕೇಳಿದರು. ಸ್ಟಾಫ್ ರೂಮಿನಲ್ಲಿ ಯಾರೂ ತಲೆ ಎತ್ತಲಿಲ್ಲ.

ನೋವು ಶುರುವಾದದ್ದು ಹೊಸ ಮನೆ ಕಟ್ಟಿಸಿದ ಮೇಲೆ. ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೆ ಹೋಗುವ ಕಲ್ಲು. ಅದನ್ನೇ ಪಾಲಿಶ್ ಮಾಡಿಸಿ ಮನೆಯೆಲ್ಲ ಹಾಸಿಸಬೇಕೆಂಬುದು ಮೇಷ್ಟ್ರ ಬಹಳ ದಿನದ ಆಸೆ. ಸಾಲ ಮಾಡಿ ಹಾಸಿಸಿದರು. ಸಗಣಿ ಸಾರಿಸಿದ ನೆಲದ ಮೇಲೆ ಬೆಳೆದ ಪಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡತೊಡಗಿತು. ಸಾಲ ತೀರಿದೆ, ನೋವು ತೀರಿಲ್ಲ. ಡಾಕ್ಟರು ಮನೆಯೊಳಗೂ ಮೆತ್ತನೆಯ ಎಂಸಿಆರ್ ಚಪ್ಪಲಿ ಹಾಕಿಕೊಳ್ಳಿ ಎಂದದ್ದೇ ಮನೆಯಲ್ಲಿ ಮಹಾಯುದ್ಧ. ತಾಯಿ ಗುಂಡ್ಲುಪೇಟೆ ಕಡೆಯವರು. "ನಡುಮನೆಗೆ ಚಪ್ಲಿ ಆಕ್ಕಂಡು ಬತ್ತನಲ್ಲಪ್ಪ, ದೇವ್ರು ದಿಂಡ್ರು ಇರ ಮನೆ" ಎಂದು ಆ ಮುದುಕಿ ಒಂದು ವಾರ ಮಗನ ಮುಖ ನೋಡಲಿಲ್ಲ. ಕೊನೆಗೆ ದೇವರ ಕೋಣೆಯ ಹೊಸ್ತಿಲು ಗಡಿ ಎಂದು ಒಪ್ಪಂದವಾಯಿತು. ಸಮಾಜ ವಿಜ್ಞಾನದ ಮೇಷ್ಟ್ರು, ಒಪ್ಪಂದಗಳ ಅನುಭವ ಇದ್ದವರು.

ಅವರ ಬೆಳಗ್ಗೆಯನ್ನು ತಿಳಿಯಬೇಕಾದರೆ ಬಂಡೀಪುರದ ದಾರಿ ಗೊತ್ತಿರಬೇಕು. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆ ಕಾಡಿನ ಹೆದ್ದಾರಿಗಳಲ್ಲಿ ಸಂಚಾರ ಬಂದ್. ಗುಂಡ್ಲುಪೇಟೆ ಕಡೆಯಲ್ಲಿ ತರಕಾರಿ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಆರಕ್ಕೆ ಗೇಟು ತೆಗೆದೊಡನೆ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಮೇಷ್ಟ್ರ ಅಂಗಾಲೂ ಹಾಗೆಯೇ. ಮಲಗಿದಾಗ ಪಟ್ಟಿ ಬಿಗಿದುಕೊಂಡು ಕೂತಿರುತ್ತದೆ. ಎದ್ದು ಮೊದಲ ಹೆಜ್ಜೆ ಇಟ್ಟಾಗ ಇಡೀ ರಾತ್ರಿಯ ನೋವು ಒಂದೇ ಗಳಿಗೆಯಲ್ಲಿ ಹಿಮ್ಮಡಿಗೆ ನುಗ್ಗುತ್ತದೆ. ಹಾಸಿಗೆಯಿಂದ ಬಚ್ಚಲಿಗೆ ಅವರು ಗೋಡೆ ಹಿಡಿದು, ಮುಂಗಾಲಲ್ಲಿ, ಉಸಿರು ಬಿಗಿಹಿಡಿದು ಹೋಗುತ್ತಾರೆ.

ಕಷ್ಟ ಇರುವುದು ಇದರಲ್ಲಲ್ಲ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಪಟ್ಟಿ ಸಡಿಲವಾಗಿ ನೋವು ತಗ್ಗುತ್ತದೆ. ಹೆಂಡತಿ ಕಾಫಿ ಹಿಡಿದು ಬರುವ ಹೊತ್ತಿಗೆ ಮೇಷ್ಟ್ರು ಆರೋಗ್ಯವಂತರು. ಶಾಲೆ ಸೇರುವ ಹೊತ್ತಿಗೆ ಇನ್ನೂ ಆರೋಗ್ಯವಂತರು. ಡಾಕ್ಟರ ಕೋಣೆಗೆ ಹೋಗುವಷ್ಟರಲ್ಲಂತೂ ನೋವು ಎಲ್ಲಿತ್ತೆಂದು ಅವರೇ ಒತ್ತಿ ಹುಡುಕಬೇಕು. ಸಕ್ಕರೆ ಕಾಯಿಲೆಗೆ ಒಂದು ಅಂಕಿ ಇದೆ. ಬಿಪಿಗೆ ಮೇಲಿನದು ಕೆಳಗಿನದು ಎಂದು ಎರಡು. ಕೈ ಮುರಿದವನಿಗೆ ಬಿಳಿ ಕಟ್ಟು ಇದೆ, ಅದರ ಮೇಲೆ ಮಕ್ಕಳು ಹೆಸರು ಬರೆಯುತ್ತಾರೆ. ಹಿಮ್ಮಡಿಗೆ ಏನಿದೆ? ಊತ ಕಾಣದು, ಗಾಯವಿಲ್ಲ, ಕುಂಟೂ ಇಲ್ಲ. ಸಾಕ್ಷಿಯಿಲ್ಲದ ನೋವನ್ನು ಬಾಯಲ್ಲೇ ರುಜುವಾತು ಮಾಡಬೇಕು. ಮಿತಭಾಷಿಯಾಗಿದ್ದ ಮನುಷ್ಯ ಹೀಗೆ ಮಾತುಗಾರರಾದರು.

ಅಸೆಂಬ್ಲಿಯಲ್ಲಿ ಅವರಷ್ಟು ಗಂಭೀರವಾಗಿ ನಿಲ್ಲುವವರಿಲ್ಲ. ರಾಷ್ಟ್ರಗೀತೆ 52 ಸೆಕೆಂಡು, ಅದಕ್ಕೆ ಅವರ ತಕರಾರಿಲ್ಲ. ನಾಡಗೀತೆ ಮಾತ್ರ ಹಾಡುವವರ ಉತ್ಸಾಹದಂತೆ ಹಿಗ್ಗುತ್ತಿತ್ತು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿಗೆ ಹಾಡಿ ಮುಗಿಸಬೇಕೆಂದು ಗೊತ್ತುಮಾಡಿತು. ಸಾಹಿತಿಗಳು, ಗಾಯಕರು ಧಾಟಿಯ ಬಗ್ಗೆ ಚರ್ಚಿಸಿದರು. ಕಾಲಾವಧಿಯನ್ನು ಮನಸಾರೆ ಸ್ವಾಗತಿಸಿದವರು ನನಗೆ ಗೊತ್ತಿದ್ದಂತೆ ಇವರೊಬ್ಬರೇ.

ಅವರಿಗೆ ಜಿಲ್ಲೆಯ ಭೂಗೋಳವೇ ಬೇರೆ. ಚಾಮರಾಜನಗರ ಪುಣ್ಯಭೂಮಿ, ಏಕೆಂದರೆ ರೈಲು ಹಳಿ ಇಲ್ಲಿಗೇ ಮುಗಿಯುತ್ತದೆ. ಸತ್ಯಮಂಗಲದ ಕಡೆಗೆ ಮುಂದುವರಿಯಬೇಕಿದ್ದ ಹಳಿ ಮುಂದುವರಿಯಲಿಲ್ಲವೆಂದು ಊರು ಕೊರಗಿದರೆ ಇವರು ಕೈ ಮುಗಿಯುತ್ತಾರೆ: ಮೈಸೂರಿಗೆ ಹೊರಡುವ ರೈಲು ಇಲ್ಲಿಂದ ಖಾಲಿಯಾಗಿ ಹೊರಡುತ್ತದೆ, ಸೀಟು ಖಾತ್ರಿ. ಗುಂಡ್ಲುಪೇಟೆಗೆ ರೈಲಿಲ್ಲ. ಊಟಿಯ ಬಸ್ಸು, ಕಲ್ಲಿಕೋಟೆ, ಸುಲ್ತಾನ್ ಬತ್ತೇರಿಯ ಬಸ್ಸು ಅಲ್ಲಿಗೆ ಬರುವಷ್ಟರಲ್ಲೇ ತುಂಬಿರುತ್ತವೆ. ಚೆಂಡುಹೂವಿನ ಕಾಲದಲ್ಲಂತೂ ಹೊಲದ ನಡುವೆ ಫೋಟೋ ತೆಗೆಸಿಕೊಳ್ಳಲು ಕೇರಳದಿಂದ ಬಂದವರ ಗಾಡಿಗಳಿಂದ ರಸ್ತೆಯೇ ನಿಂತುಬಿಡುತ್ತದೆ. ಮಾವನ ಮನೆ ಅದೇ ತಾಲ್ಲೂಕಿನಲ್ಲಿದ್ದರೂ ಮೇಷ್ಟ್ರು ಹೋಗುವುದು ಕಡಿಮೆ. ಮಾವನವರು ಬೇರೆ ಕಾರಣ ಊಹಿಸಿದ್ದಾರೆ.

ಮದುವೆ ಮನೆಯಲ್ಲಿ ಅವರು ಮೊದಲು ನೋಡುವುದು ವಧುವರರನ್ನಲ್ಲ, ಖಾಲಿ ಕುರ್ಚಿಯನ್ನು. ಕೂತರೆ ಏಳುವುದಿಲ್ಲ: ಎದ್ದರೆ ಮೊದಲ ಹೆಜ್ಜೆಯ ನೋವು, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕುರ್ಚಿ ಹೋಗಿರುತ್ತದೆ. ಹಸಿವೋ ಹಿಮ್ಮಡಿಯೋ ಎಂಬ ಪ್ರಶ್ನೆಯಲ್ಲಿ ಎಷ್ಟೋ ಮದುವೆಗಳ ಹೋಳಿಗೆ ತಪ್ಪಿದೆ.

ಕೂತಲ್ಲಿ ಸಲಹೆಗಳು ಬರುತ್ತವೆ. "ಎಂಗದ ಮೇಷ್ಟ್ರೇ ಹಿಮ್ಡಿ?" ಎಂದು ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. "ಇಟ್ಟಿಗೆ ಕಾಯಿಸಿ, ಮ್ಯಾಲೆ ಎಕ್ಕದೆಲೆ ಆಕಿ, ಹಳ್ಳೆಣ್ಣೆ ಬುಟ್ಟು ಒತ್ಕಳಿ. ಓಯ್ತದ." ಮೇಷ್ಟ್ರು ಒತ್ತಿಕೊಂಡರು. ನೋವು ಹೋಗಲಿಲ್ಲ, ಬೊಬ್ಬೆ ಬಂತು. ಬೊಬ್ಬೆ ಇದ್ದಷ್ಟು ದಿನ ಅವರ ಮುಖದಲ್ಲಿ ಒಂದು ಕಳೆ ಇತ್ತು. ತೋರಿಸಲು ಏನೋ ಒಂದು ಸಿಕ್ಕಿತ್ತಲ್ಲ.

ಆಮೇಲೆ ಎಕ್ಸ್‌ರೇ ಬಂತು. ಹಿಮ್ಮಡಿ ಮೂಳೆಯ ಅಡಿಯಲ್ಲಿ ಮುಂದಕ್ಕೆ ಚಾಚಿದ ಒಂದು ಪುಟ್ಟ ಮುಳ್ಳು. "ಮೂಳೆ ಬೆಳೆದಿದೆ!" ಎಂದು ಮೇಷ್ಟ್ರು ಸಾರಿದರು. ಬಹಳ ದಿನಗಳ ಮೊಕದ್ದಮೆಗೆ ದಾಖಲೆ ಸಿಕ್ಕಿತು. ಎಕ್ಸ್‌ರೇ ಸ್ಟಾಫ್ ರೂಮಿನ ಕಿಟಕಿಗೆ ಏರಿತು, ಬೀಗರ ಮನೆಯ ಟ್ಯೂಬ್‌ಲೈಟಿಗೆ ಏರಿತು, ಒಂದು ನಾಮಕರಣದಲ್ಲಿ ಮಗುವಿಗಿಂತ ಹೆಚ್ಚು ಕೈಗಳನ್ನು ದಾಟಿತು. ಇದೆಲ್ಲ ನಡೆಯುತ್ತಿರುವಾಗ ಕನ್ನಡಕದ ಒಬ್ಬ ಎಳೆಯ ಡಾಕ್ಟರು ಆ ಚಿತ್ರ ನೋಡಿ, "ಈ ಮುಳ್ಳಿದ್ದೂ ನೋವಿಲ್ಲದವರು ಬೇಕಾದಷ್ಟು ಜನ ಇದ್ದಾರೆ ಸಾರ್. ನೋವು ಮುಳ್ಳಿನದ್ದಲ್ಲ, ಪಟ್ಟಿಯದು" ಎಂದುಬಿಟ್ಟರು. ಮೇಷ್ಟ್ರು ಆ ಡಾಕ್ಟರನ್ನು ಇನ್ನೂ ಕ್ಷಮಿಸಿಲ್ಲ. ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ವಾರ ಹಾಯೆನಿಸಬಹುದು, ಪದೇಪದೇ ಕೊಟ್ಟರೆ ಪಟ್ಟಿ ಹರಿಯುವ ಅಪಾಯವೂ ಇದೆ ಎಂದು ಅದೇ ಡಾಕ್ಟರು ಹೇಳಿದ್ದನ್ನು ಮಾತ್ರ ತಮ್ಮ ಸ್ವಂತ ಸಂಶೋಧನೆಯಂತೆ ಎಲ್ಲರಿಗೂ ಹೇಳುತ್ತಾರೆ.

ದೇವರುಗಳನ್ನೂ ಬಿಟ್ಟಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಅವರಿಗೆ ಭಕ್ತಿ ಹೆಚ್ಚು; ಖಾಸಗಿ ವಾಹನ ಬಿಡುವುದಿಲ್ಲ, ಸರ್ಕಾರಿ ಬಸ್ಸು ಮೇಲಿನವರೆಗೂ ಒಯ್ಯುತ್ತದೆ, ಮಂಜಿಗೆ ತಣ್ಣಗಾದ ಕಲ್ಲು ಅಂಗಾಲಿಗೆ ಹಿತ. ಆದರೆ ನಿಜವಾದ ಇಷ್ಟದೈವ ಬಿಳಿಗಿರಿರಂಗ. ಸೋಲಿಗರ ಭಾವ, ಅವರ ಹುಡುಗಿ ಕುಸುಮಾಲೆಯ ಗಂಡ, ಕಾಡೆಲ್ಲ ತಿರುಗುವವನು. ತಿರುಗಿ ತಿರುಗಿ ಚಪ್ಪಲಿ ಸವೆಯುತ್ತದೆಂದು ಅವನಿಗೆ ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟಿನಿಂದ ಭಾರಿ ಚರ್ಮದ ಚಪ್ಪಲಿ ಹೊಲಿದು ತಂದು ಒಪ್ಪಿಸುತ್ತಾರೆ. ಭಕ್ತರು ಅದನ್ನು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. "ಅಳತೆ ಕೊಟ್ಟು ಚಪ್ಪಲಿ ಮಾಡಿಸಿಕೊಳ್ಳುವ ದೇವರು ಇನ್ನೆಲ್ಲಿದ್ದಾನೆ ಹೇಳಿ. ಅವನಿಗೂ ಇದೇ ಇರಬೇಕು" ಎನ್ನುತ್ತಾರೆ ಮೇಷ್ಟ್ರು. ಉಳಿದವರು ಆ ಚಪ್ಪಲಿಯನ್ನು ತಲೆಗೆ ಮುಟ್ಟಿಸಿಕೊಂಡರೆ ಇವರು ಬಗ್ಗಿ ಅದರ ಅಟ್ಟೆ ನೋಡುತ್ತಾರೆ.

ತಾಯಿ ಇನ್ನೊಂದು ದೇವರಿಗೆ, ಮಲೆ ಮಹದೇಶ್ವರನಿಗೆ, ಹರಕೆ ಹೊತ್ತರು: "ಮಾದಪ್ಪ, ಮಗನ ಹಿಮ್ಡಿ ವಾಸಿ ಮಾಡು. ತಾಳಬೆಟ್ಟದಿಂದ ಬರಿಗಾಲಲ್ಲಿ ನಡ್ಕಂಡೇ ಬತ್ತನ." ಅಂದಿನಿಂದ ಮೇಷ್ಟ್ರು ಗುಣವಾಗಲು ಹಿಂಜರಿಯುತ್ತಿರುವಂತೆ ನನಗೆ ಕಾಣುತ್ತದೆ.

ಗುಣವಾಗುವ ದಾರಿ ಇಲ್ಲದಿಲ್ಲ. ಫಿಸಿಯೋಥೆರಪಿಯ ಹುಡುಗಿ ಹೇಳಿಕೊಟ್ಟಿದ್ದಾಳೆ. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಕೈಯಲ್ಲಿ ಹಿಡಿದು ಮೊಣಕಾಲ ಕಡೆಗೆ ಎಳೆಯಬೇಕು. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯಬೇಕು. ಸುತ್ತಿದ ಟವೆಲನ್ನು ಬೆರಳುಗಳ ಕೆಳಗಿಟ್ಟು, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಎತ್ತಿ ಇಳಿಸಬೇಕು; ಡೆನ್ಮಾರ್ಕಿನವರು ಪರೀಕ್ಷೆ ಮಾಡಿ ನೋಡಿದಾಗ ಮೂರು ತಿಂಗಳಲ್ಲಿ ಇದು ಬರೀ ಎಳೆತಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ. ತೂಕ ಇಳಿಸಬೇಕು. ತಾಳ್ಮೆ ಬೇಕು, ಹೆಚ್ಚಿನವರಿಗೆ ಒಂದು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಮೇಷ್ಟ್ರು ಎಲ್ಲ ಕೇಳಿಸಿಕೊಂಡು, "ಅಷ್ಟೇನಾ?" ಎಂದರು. ಟವೆಲಿನ ಮೇಲೆ ಹಿಮ್ಮಡಿ ಎತ್ತಿ ಇಳಿಸುವುದನ್ನು ಯಾವ ಮದುವೆ ಮನೆಯಲ್ಲಿ ಹೇಳಿಕೊಳ್ಳುವುದು? ಅದರಲ್ಲಿ ಬೊಬ್ಬೆ ಇಲ್ಲ, ಸೂಜಿ ಇಲ್ಲ, ಕಿಟಕಿಗೆ ಹಿಡಿಯುವ ಫಿಲ್ಮೂ ಇಲ್ಲ. ಎರಡು ದಿನ ಮಾಡಿ ಬಿಟ್ಟರು.

ಅವರ ಹೆಂಡತಿಗೂ ಅದೇ ನೋವಿತ್ತೆಂದು ಮೊನ್ನೆ ಗೊತ್ತಾಯಿತು. ಅದೇ ಕರಿಕಲ್ಲಿನ ಮೇಲೆ ಒಲೆಯ ಮುಂದೆ ನಿಲ್ಲುವವರು ಅವರೇ ತಾನೆ. ಗಂಡ ಬಿಟ್ಟ ಟವೆಲನ್ನು ಎತ್ತಿಕೊಂಡು, ಅನ್ನ ಬೇಯುವಷ್ಟು ಹೊತ್ತು ಹಿತ್ತಿಲ ಮೆಟ್ಟಿಲ ಮೇಲೆ ಮಾಡಿದರಂತೆ. ಹೋಗಿದೆ. ಯಾಕಮ್ಮ ಹೇಳಲಿಲ್ಲ ಎಂದರೆ, "ಅವ್ರು ಮಾತಾಡ್ತಿದ್ರು" ಎಂದರು.

ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ದುಂಡಗಿನ, ಆರೋಗ್ಯವಾಗಿಯೇ ಕಾಣುವ ಒಬ್ಬರು ನಿಮ್ಮ ಸೀಟಿನ ಕಂಬಿ ಹಿಡಿದು, ಒಂದು ಹಿಮ್ಮಡಿ ಎತ್ತಿ ನಿಂತಿದ್ದರೆ ದಯವಿಟ್ಟು ಎದ್ದು ಜಾಗ ಕೊಡಿ. ನೋವು ನಿಜವಾದದ್ದು. ಏನಾಗಿದೆ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಬೇಗೂರು ದಾಟಿ ನಂಜನಗೂಡು ಬರುವವರೆಗೂ ಎಕ್ಸ್‌ರೇ ನಿಮ್ಮ ಕೈಯಲ್ಲಿರುತ್ತದೆ.