ಓರೆನಡಿಗೆ ಶಾಸ್ತ್ರ: ಕಲಬುರಗಿ–ಕಮಲಾಪುರ ರಸ್ತೆಯನ್ನು ಆಧರಿಸಿ

ಪೀಠಿಕೆ: ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಒಬ್ಬ ಏಟು ತಿಂದು ಬಿದ್ದಿರುತ್ತಾನೆ. ಯಾಜಕನೂ ಲೇವಿಯನೂ ಅವನನ್ನು ಕಂಡು ಓರೆಯಾಗಿ ಸಾಗುತ್ತಾರೆ. ಬೋಧಕರೆಲ್ಲ ನಿಂತು ಗಾಯ ಕಟ್ಟಿದ ಸಮಾರ್ಯದವನನ್ನೇ ಹೊಗಳಿ, ಈ ಇಬ್ಬರ ನಡಿಗೆಯ ಕುಶಲತೆಯನ್ನು ಕಡೆಗಣಿಸಿದ್ದಾರೆ. ಆ ಕೊರತೆ ತುಂಬಲು ಕಲಬುರಗಿಯಿಂದ ಹುಮನಾಬಾದ್ ಕಡೆ ಕಮಲಾಪುರಕ್ಕೆ ಹೋಗುವ ಹೆದ್ದಾರಿಯನ್ನು ಆರಿಸಿಕೊಂಡಿದ್ದೇವೆ.

ಸೂತ್ರ 1: ಬಿದ್ದವನಿಗಿಂತ ಆರಾಧನೆಯ ಹೊತ್ತು ದೊಡ್ಡದು.

ಭಾಷ್ಯ: ಬೈಕಿನಿಂದ ಬಿದ್ದವನ ಪಕ್ಕ ಕಾರು ನಿಧಾನ ಮಾಡಿ, ಗಾಜು ಅರ್ಧ ಇಳಿಸಿ, "ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡ್ತೀವ್ರಿ ಅಣ್ಣಾ" ಎಂದು ಹೋಗುವುದು ಉತ್ತಮ ಓರೆನಡಿಗೆ. ಗಾಜು ಇಳಿಸದೆ ಹೋಗುವುದು ಮಧ್ಯಮ. ಇಳಿದು ನೀರು ಕುಡಿಸುವುದು ಅಶಾಸ್ತ್ರೀಯ. ಬಿಳಿ ಅಂಗಿಗೆ ರಕ್ತ ಹತ್ತಿದರೆ ಪ್ರಭುಭೋಜನಕ್ಕೆ ಕೂಡುವುದು ಹೇಗೆ?

ಪೂರ್ವಪಕ್ಷ: "ಸ್ಟೇಷನ್ನು, ಕೋರ್ಟು ಯಾರು ಅಡ್ಡಾಡಬೇಕ್ರಿ" ಎಂಬ ಗಟ್ಟಿ ನೆಪ ಮೊದಲಿತ್ತು. ಕರ್ನಾಟಕದ 2016ರ ಗುಡ್ ಸಮಾರಿಟನ್ ಕಾಯ್ದೆಯೂ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮೂ ಅದನ್ನು ಕಸಿದುಕೊಂಡವಲ್ಲ?

ಸಿದ್ಧಾಂತ: ಸಮಾರ್ಯದವನು ಕಾಯ್ದೆಗೆ ಸೇರಿಹೋದ ಮೇಲೆ ಆ ಕೆಲಸ ಸರ್ಕಾರದ್ದು. ಭಕ್ತರು ಅದರಲ್ಲಿ ಕೈಹಾಕುವುದು ಅತಿಕ್ರಮಣ.

ಸೂತ್ರ 2: ದಶಮಾಂಶ ಸರಿಯಿದ್ದರೆ ಚೌಕಾಸಿ ಪಾಪವಲ್ಲ.

ಭಾಷ್ಯ: ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಅದನ್ನು ಬಿಸಿಲಲ್ಲಿ ಕೂತು ಮಾರುವ ಆಯಿಗೆ ಯಾವ ಮಾನ್ಯತೆಯೂ ಇಲ್ಲ. ಅವಳೊಡನೆ ಜಗ್ಗಾಡಿ ಒಂದು ಡಜನ್ ಕೊಂಡರೆ ದೇವರ ಪಾಲು 1.2 ಹಣ್ಣು. ಆ 0.2ರಲ್ಲಿ ಸಿಪ್ಪೆಯ ತೂಕ ಸೇರುತ್ತದೆಯೇ ಎಂಬುದು ಭಕ್ತನ ನಿದ್ದೆ ಕೆಡಿಸಬೇಕು. ಆಯಿ ಮಧ್ಯಾಹ್ನ ಉಂಡಳೇ ಎಂಬುದು ಕೆಡಿಸಕೂಡದು. ಜೀರಿಗೆಗೂ ದಶಮಾಂಶ ಎಣಿಸಿ ಕರುಣೆ ಬಿಟ್ಟವರನ್ನು ಯೇಸು ಬೈದದ್ದು ಮತ್ತಾಯ 23ರಲ್ಲಿ ನಿಜ. ಆದರೆ ಅಲ್ಲಿ ಬಾಳೆಯ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ನಿಷೇಧವಿಲ್ಲ. ಇದೇ ನ್ಯಾಯದಂತೆ, ಚಿನ್ನದುಂಗುರದವನಿಗೆ ಮೇಲಿನ ಪೀಠ ಕೊಟ್ಟು ಬಡವನನ್ನು ಕೆಳಗೆ ಕೂಡಿಸುವುದನ್ನು ಯಾಕೋಬನ ಪತ್ರಿಕೆ ಖಂಡಿಸಿದರೂ, ಮೇ ತಿಂಗಳ ಕಲಬುರಗಿಯಲ್ಲಿ ಕೂಲರ್ ಉಂಗುರದವನ ಕಡೆಗೇ ತಿರುಗಿಸಬಹುದು.

ಉಪಸಂಹಾರ: ನೆರೆಯವನು ಯಾರೆಂದು ಕೇಳಿದ ಧರ್ಮಪಂಡಿತನಿಗೆ ಯೇಸು ವ್ಯಾಖ್ಯೆ ಕೊಡಲಿಲ್ಲ, ಕಥೆ ಹೇಳಿ, ಕರುಣೆ ತೋರಿದವನಂತೆ ನೀನೂ ನಡೆಯೆಂದು ಕಳಿಸಿದ. ಪಂಡಿತ ಹಾಗೆ ನಡೆದನೇ ಎಂಬುದನ್ನು ಲೂಕ ಬರೆದಿಲ್ಲ. ಮನೆಗೆ ಹೋಗಿ ಪ್ರಬಂಧ ಬರೆಯಲು ಕೂತನೆಂಬುದು ನಮ್ಮ ಮತ. ನಮ್ಮ ಗುರುಪರಂಪರೆ ಅವನಿಂದಲೇ ಶುರು.