ಮುಯ್ಯಾಳಿನ ಲಿನಕ್ಸ್

ತೊಗರಿ ರಾಶಿ ಮುಗಿದು ನಮ್ಮೂರು ಜಿಡಗಾದಲ್ಲಿ ಎಲ್ಲರಿಗೂ ಒಂದಿಷ್ಟು ಬಿಡುವು. ಗೋಡೆಯಾಚೆಯಿಂದ ಕಾಕಾ ಕೂಗಿದರು: “ತಮ್ಮಾ, ನಮ್ಮ ಹುಡುಗ ಹೊಸ ಲ್ಯಾಪ್‌ಟಾಪ್ ಕೊಡಸು ಅಂತಾನ. ಇದ್ದದ್ದು ಚಲೋ ನಡೀಲಕತ್ತದ. ಯಾಕ್ ಬಿಸಾಕ್ಬೇಕು?”

ಬಿಸಾಕೋದು ಬ್ಯಾಡ ಅಂದೆ. ಆದರೆ ಅದರಲ್ಲಿರುವ ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಹಳೇ ಯಂತ್ರಕ್ಕೆ ವಿಂಡೋಸ್ 11 ಹತ್ತುವುದಿಲ್ಲ. ಡೆಬಿಯನ್ ಎಂಬ ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕೈದು ವರ್ಷ ಬಾಳುತ್ತದೆ.

“ಅದ್ಯಾವ ಕಂಪನೀದು?”

“ಯಾವ ಕಂಪನೀದೂ ಅಲ್ಲ ಕಾಕಾ. ಮುಯ್ಯಾಳು ಇದ್ದಂಗ.”

ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಅದನ್ನು ಕಾಕಾಗೆ ಬಿಡಿಸಿ ಹೇಳಬೇಕಿರಲಿಲ್ಲ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಶುರು ಮಾಡಿದ ಡೆಬಿಯನ್ನನ್ನೂ ಹೀಗೇ ಈಗ ಹತ್ತಾರು ದೇಶಗಳ ಸ್ವಯಂಸೇವಕರು ನಡೆಸುತ್ತಾರೆ. ಮುಖಂಡನನ್ನು ವರ್ಷಕ್ಕೊಮ್ಮೆ ವೋಟು ಹಾಕಿ ಆರಿಸುತ್ತಾರೆ. ಇದು ಎಂದಿಗೂ ಮುಕ್ತವಾಗಿಯೇ ಇರುತ್ತದೆ ಎಂದು 1997ರಲ್ಲೇ ಕರಾರು ಬರೆದುಕೊಂಡಿದ್ದಾರೆ.

“ಕಂಪನಿ ಬಂದು ನುಂಗಿದ್ರ?”

ಕೇಳಬೇಕಾದ ಮಾತೇ. ಸೆಂಟ್‌ಓಎಸ್ ಅನ್ನುವ ಲಿನಕ್ಸೂ ಮೊದಲು ಹೀಗೆ ಮಂದಿಯೇ ನಡೆಸುತ್ತಿದ್ದದ್ದು; 2014ರಲ್ಲಿ ರೆಡ್ ಹ್ಯಾಟ್ ಕಂಪನಿಯ ಆಸರೆಗೆ ಹೋಯಿತು. 2029ರವರೆಗೆ ನಡೆಯಬೇಕಿದ್ದ ಅದರ 8ನೇ ಆವೃತ್ತಿಯನ್ನು 2021ಕ್ಕೇ ನಿಲ್ಲಿಸುವುದಾಗಿ 2020ರ ಡಿಸೆಂಬರ್‌ನಲ್ಲಿ ಸಾರಿದರು. ನಂಬಿದವರ ಕೈಕಾಲು ಆಡಲಿಲ್ಲ. ಆದರೆ ಮೂಲ ಕೋಡ್ ಎಲ್ಲರ ಕೈಯಲ್ಲೂ ಇತ್ತಲ್ಲ, ವರ್ಷ ತುಂಬುವುದರೊಳಗೆ ಆಲ್ಮಾ, ರಾಕಿ ಎಂಬ ಎರಡು ಹೊಸ ಲಿನಕ್ಸ್‌ಗಳು ಎದ್ದು ನಿಂತವು. ಬೀಜ ಮನೆಯಲ್ಲಿದ್ದವನಿಗೆ ಬಿತ್ತನೆ ತಪ್ಪುವುದಿಲ್ಲ.

ಕಷ್ಟವನ್ನೂ ಕಾಕಾಗೆ ಮುಚ್ಚಿಡಲಿಲ್ಲ. ಡೆಬಿಯನ್ ಇರುವ ನನ್ನ ಯಂತ್ರದಲ್ಲೇ ತೋರಿಸಿದೆ. ಯುನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಯಾರೋ ಟೈಪ್ ಮಾಡಿಕೊಟ್ಟ ಪಹಣಿ ಅರ್ಜಿ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಸೊಟ್ಟ ಗೆರೆ. ಒಂದು ಸಾಲೂ ಓದಲು ಬರಲಿಲ್ಲ. ಪ್ರಿಂಟರ್ ಹೊಂದಿಸಲು ನನಗೆ ಎರಡು ರಾತ್ರಿ ಹಿಡಿದಿತ್ತು. ಆಮೇಲೆ ಕಗಪ ಕೀಲಿಮಣೆ ಆರಿಸಿ ‘ಜಿಡಗಾ’ ಅಂತ ಹೊಡೆದೆ. ಗುಬ್ಬಿ ಫಾಂಟಿನಲ್ಲಿ ದುಂಡಗೆ ಮೂಡಿತು. ಕಾಕಾ ಕನ್ನಡಕ ಏರಿಸಿ ಪರದೆಗೆ ಮುಖ ಹಚ್ಚಿ ನೋಡಿದರು.

“ಕೆಟ್ರ ಯಾರಿಗಿ ಫೋನ್ ಹಚ್ಚಬೇಕು?”

ನನ್ನ ಮಟ್ಟಿಗೆ ದೊಡ್ಡ ಕೊರತೆ ಇದೇ. ಮುಯ್ಯಾಳಿಗೆ ಬಂದವನನ್ನು ಯಾಕೆ ತಡ ಅಂತ ಗದರಿಸಲಾಗದು. ಪುಕ್ಕಟೆ ದುಡಿಯುವವನಿಗೂ ಮನೆ ಮಠ ಇರುತ್ತದೆ. ಇದಕ್ಕೆ ದಾರಿ ಇಲ್ಲವೆಂದಲ್ಲ. ಕೇರಳದಲ್ಲಿ ಸರಕಾರದ ಕೈಟ್ ಸಂಸ್ಥೆ ಉಬುಂಟು ಎಂಬ ಲಿನಕ್ಸನ್ನು ಶಾಲೆಗೆ ತಕ್ಕಂತೆ ಹದಗೊಳಿಸಿ, ಮೇಷ್ಟ್ರುಗಳಿಗೆ ತರಬೇತಿಯನ್ನೂ ಕೊಟ್ಟಿತು. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಅಲ್ಲಿ ಕೇಳಲು ಒಬ್ಬರಿದ್ದಾರೆ. ನಮ್ಮ ಆಳಂದದ ಕಡೆ ಶಾಲೆಗಳಿಗೂ ಅಂಥ ಏರ್ಪಾಡು ಬೇಕು, ಸರಕಾರ ಮನಸ್ಸು ಮಾಡಬೇಕು.

“ಈ ಐತವಾರ ಹುಡುಗನ್ನ ಕಳಸ್ತೀನಿ,” ಅಂದರು ಕಾಕಾ. ಹಳೇ ಫೈಲುಗಳನ್ನೆಲ್ಲ ಮೊದಲು ಪೆನ್‌ಡ್ರೈವಿಗೆ ಹಾಕಿಕೊಂಡು ಬರಲಿ ಅಂದೆ.

ಕನ್ನಡ ಬಲ್ಲ ನಿಮಗೂ ಒಂದು ಮಾತು. ಈ ಲಿನಕ್ಸ್‌ಗಳ ಎಷ್ಟೋ ಮೆನುಗಳು ಇನ್ನೂ ಅರೆಬರೆ ಕನ್ನಡದಲ್ಲಿವೆ, ಕೈಗಳು ಸಾಲುತ್ತಿಲ್ಲ. ಕೋಡ್ ಬರೆಯಲು ಬರದಿದ್ದರೂ ನಡೆಯುತ್ತದೆ. ದಿನಕ್ಕೆ ಹತ್ತು ಸಾಲು ಕನ್ನಡ ಮಾಡಿಕೊಡಿ.